ಅಫೀಮಿನ ದುಕಾನು ಮುಚ್ಚಿಸಿದ ನಮ್ಮ ಭಾವನವರು

ಮೊನ್ನೆ ಕೆಲವು ಹುಡುಗರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕುಡಿತ, ಗಾಂಜಾ ಬಿಡಿಸುವ ಸಂಘವೊಂದನ್ನು ಕಟ್ಟಿದ್ದಾರಂತೆ. ಊರಿನ ಹಿರಿಯರ ಫೋಟೋಗಳಿಗೆ ಹಾರ ಹಾಕಿ ಒಂದು ಸಭೆ ಮಾಡುತ್ತಾರಂತೆ. ನಿಜಾಮರ ಕಾಲದಲ್ಲೇ ಶಹಾಬಾದಿನ ಅಫೀಮಿನ ದುಕಾನು ಮುಚ್ಚಿಸಿದ ನಮ್ಮ ಭಾವನವರ ಫೋಟೋ ಇಲ್ಲದಿದ್ದರೆ ಆ ಸಭೆಗೆ ಕಳೆಯೇ ಇರುವುದಿಲ್ಲ ಎಂದು ಅವರ ಮಾತು. ಒಳ್ಳೆಯ ಹುಡುಗರು. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ಕೂತಿದ್ದರು. ನಾನು ಚಹಾ ಕೊಟ್ಟೆ, ಚೂಡಾ ಕೊಟ್ಟೆ, ಫೋಟೋ ಮಾತ್ರ ಕೊಡಲಿಲ್ಲ. ಎಲ್ಲೋ ಇತ್ತು, ಈಗ ಸಿಗುತ್ತಿಲ್ಲ ಎಂದೆ. ಅದು ನನ್ನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇದೆ.

ಹುಡುಗರು ಹೋದಮೇಲೆ ಬಾಗಿಲು ಹಾಕಿಕೊಂಡೆ. ಈ ವಯಸ್ಸಿನಲ್ಲಿ ಮೊಮ್ಮಕ್ಕಳ ಓರಗೆಯವರಿಗೆ ಸುಳ್ಳು ಹೇಳಿದೆನಲ್ಲ ಎಂದು ಮುಖ ಬಿಸಿಯಾಯಿತು. ಆದರೆ ಖರೇ ಹೇಳಬೇಕೆಂದರೆ ಎಲ್ಲಿಂದ ಸುರು ಮಾಡಬೇಕು? ಭಾವನವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ನನಗಿಷ್ಟು ನಾಚಿಕೆ ಆಗುತ್ತಿರಲಿಲ್ಲ.

ಭಾವನವರೆಂದರೆ ನನ್ನ ಗಂಡನ ಅಣ್ಣ. ಶಹಾಬಾದಿನಲ್ಲಿ ಹೆಸರಾದ ವಕೀಲರು. ನನ್ನ ಗಂಡ ಅವರ ಕೈಕೆಳಗೇ ವಕೀಲಿ ಕಲಿತವರು. ನಾನು ಸೇಡಂನಿಂದ ಮದುವೆಯಾಗಿ ಆ ಮನೆಗೆ ಬಂದಾಗ ನನಗೆ ಮೊದಲು ಹೇಳಿಕೊಟ್ಟ ಪಾಠವೆಂದರೆ, ಭಾವನ ಎದುರಿಗೆ ನಿಲ್ಲಬಾರದು, ಭಾವನ ಜೋಡಿ ಮಾತಾಡಬಾರದು. ಆಗ ನಮ್ಮ ಮನೆಗಳಲ್ಲಿ ಹಾಗೇ ಇತ್ತು. ಅವರು ಒಳಗೆ ಬರುವ ಮುಂಚೆ ಒಂದು ಕೆಮ್ಮು ಕೆಮ್ಮುತ್ತಿದ್ದರು, ನಾನು ಕದದ ಹಿಂದೆ ಸರಿಯುತ್ತಿದ್ದೆ. ನನಗೆ ಏನಾದರೂ ಹೇಳಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಕಂಬಪ್ಪಾ, ಒಳಗ ಹೇಳು. ಇವತ್ತ ಊಟಕ್ಕ ಚಿತ್ತಾಪುರದವರು ಬರೋರಿದ್ದಾರ." ಕಂಬ ಏನು ಹೇಳೀತು? ನಾನು ಕದದ ಹಿಂದಿನಿಂದ ಬಳೆ ಸಪ್ಪಳ ಮಾಡುತ್ತಿದ್ದೆ, ಕೇಳಿಸಿತು ಎಂದು ಅದರ ಅರ್ಥ. ಮನೆಯ ಮಕ್ಕಳು ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವು. ಆ ಕಂಬಕ್ಕೂ ಕಾಕೂಕಂಬ ಎಂದೇ ಹೆಸರು ಇಟ್ಟಿದ್ದವು.

ಹೀಗೆ ವರ್ಷಗಟ್ಟಲೆ ಮಾತಾಡದೆ ಒಬ್ಬ ಮನುಷ್ಯನನ್ನು ನೋಡಿದರೆ ಬಹಳ ಗೊತ್ತಾಗುತ್ತದೆ. ಕೋರ್ಟಿಗೆ ಹೋಗುವಾಗ ಕರೀ ಶೇರವಾನಿ, ತಲೆಗೆ ದಸ್ತಾರು. ಹಣೆಯ ಮೇಲೆ ಅಂಗಾರ ಅಕ್ಷತೆ. ಅಲ್ಲಿ ಉರ್ದುವಿನಲ್ಲಿ ವಾದ, ಮನೆಗೆ ಬಂದೊಡನೆ ಶೇರವಾನಿ ಹೊರಗಿನ ಗೂಟಕ್ಕೆ, ಸ್ನಾನ, ಆಮೇಲೆ ಊಟ. ಸಿಟ್ಟು ಬಂದರೆ ಮಾತ್ರ ಮನೆಯಲ್ಲೂ ಉರ್ದು ಬರುತ್ತಿತ್ತು. ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು, "ಸಬೂತ್ ಏನದ?" ಪುರಾವೆ ಏನು ಎಂದು. ಮಗ ಹೊಟ್ಟೆ ನೋವು ಎಂದರೆ ಸಬೂತ್ ಏನದ. ನಮ್ಮ ವೈನಿ, ಅಂದರೆ ಅವರ ಹೆಂಡತಿ, ಹಾಲಿಗೆ ಗೌಳಿಯವಳು ನೀರು ಹಾಕಿದ್ದಾಳೆ ಎಂದರೂ ಸಬೂತ್ ಏನದ. ಒಂದು ದಿನ ವೈನಿ ಬೇಸತ್ತು, ನಾನು ನಿಮ್ಮ ಹೆಂಡತಿ ಅನ್ನೋದಕ್ಕ ಏನದ ಸಬೂತು ಎಂದು ಕೇಳಿದ್ದರು. ಅವರು ನಗಲಿಲ್ಲ. ವಿಚಾರ ಮಾಡಿ, ಸಾಕ್ಷಿದಾರರು ಇದ್ದಾರ ಎಂದರು. ನಾವು ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ಅಮಲು ಎಂದರೆ ಅವರಿಗೆ ಆಗುತ್ತಿರಲಿಲ್ಲ. ಸೇಂದಿ, ಗಾಂಜಾ, ಅಫೀಮು, ಎಲ್ಲದಕ್ಕೂ ಬೈಗುಳ. ಬೈಯುವಾಗಲೂ ಎರಡು ಬೆರಳ ನಡುವೆ ನಶ್ಯದ ಚಿಟಿಕೆ ಇರುತ್ತಿತ್ತು, ಅದು ಬೇರೆ ಮಾತು. ನಶ್ಯ ಅಮಲಲ್ಲವೇ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಆದರೆ ಅವರ ಸಿಟ್ಟಿಗೆ ಕಾರಣವಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಶಹಾಬಾದೆಂದರೆ ಫರಸಿ ಕಲ್ಲಿನ ಖಣಿಗಳ ಊರು. ಖಣಿಯಲ್ಲಿ ಕಲ್ಲು ಎಬ್ಬಿಸುವವನೊಬ್ಬ ಅಫೀಮಿನ ಮಂಪರಿನಲ್ಲಿ ಕೆಲಸಕ್ಕೆ ನಿಂತು ಫರಸಿಯ ಕೆಳಗೆ ಕೈ ಕೊಟ್ಟುಕೊಂಡಿದ್ದ. ಅವನ ಹೆಂಡತಿ ಅವನನ್ನು ನಮ್ಮ ಕಟ್ಟೆಯ ಮೇಲೆ ತಂದು ಕೂಡಿಸಿದಳು. ಕೈ ಎನ್ನುವುದು ಉಳಿದಿರಲಿಲ್ಲ. ಇಷ್ಟಾದರೂ ಆ ಮನುಷ್ಯ ಸಣ್ಣಗೆ ನಗುತ್ತ ಕೂತಿದ್ದ, ನೋವೇ ಗೊತ್ತಾಗುತ್ತಿರಲಿಲ್ಲ ಅವನಿಗೆ. ಭಾವನವರು ಆ ದಿನ ಊಟಕ್ಕೆ ಏಳಲಿಲ್ಲ. ಸರಕಾರವೇ ಗುತ್ತಿಗೆ ಕೊಟ್ಟು ವಿಷ ಮಾರಿಸುತ್ತದಲ್ಲ, ಈ ದುಕಾನು ಮುಚ್ಚಿಸದೆ ಬಿಡುವುದಿಲ್ಲ ಎಂದು ಅವತ್ತು ಕಂಬದ ಮುಂದೆ ಹೇಳಿದರು. ಕಂಬಕ್ಕೆ ಹೇಳಿದರೆಂದರೆ ಮನೆಗೆಲ್ಲ ಹೇಳಿದ ಹಾಗೆ.

ವಕೀಲರಲ್ಲವೇ, ಸಬೂತು ಬೇಕು. ಅಫೀಮಿನ ದುಕಾನಿನ ಎದುರಿಗೆ ಅರಿವೆ ಅಂಗಡಿ ಇತ್ತು. ಅಲ್ಲಿ ಗಾದಿಯ ಮೇಲೆ ಕೂತು ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಎಷ್ಟೋ ದಿನ ನೋಡಿದರು. ನೋಡಿದರೆ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಖಣಿಯ ಹೆಂಗಸರು, ತಲೆ ಮೇಲೆ ಕಲ್ಲುಪುಡಿ, ಸೆರಗಿನ ಗಂಟು ಬಿಚ್ಚಿ ಅಫೀಮು ತೆಗೆದುಕೊಂಡು ಹೋಗುತ್ತಿದ್ದರು. ಭಾವನವರು ಮನೆಗೆ ಬಂದು ತೀರ್ಪು ಕೊಟ್ಟರು. ಗಂಡಸರು ಎಷ್ಟು ನಾಚಿಕೆಗೇಡಿಗಳಾಗಿದ್ದಾರೆಂದರೆ, ತಾವು ತಿನ್ನುವುದಕ್ಕೆ ಹೆಂಡಿರನ್ನು ಬಜಾರಿಗೆ ಕಳಿಸುತ್ತಾರೆ ಎಂದು. ನಮ್ಮ ಮನೆಯ ಹೆಂಗಸರು ಬಜಾರಿಗೆ ಕಾಲಿಡುವವರಲ್ಲ. ಹೆಂಗಸೊಬ್ಬಳು ದುಕಾನಿನ ಮುಂದೆ ನಿಂತಿದ್ದಾಳೆಂದರೆ ಅವಳನ್ನು ಗಂಡಸೇ ಕಳಿಸಿರಬೇಕು, ಇದು ಅವರ ಲೆಕ್ಕ. ಆ ಹೆಂಗಸರಲ್ಲಿ ಒಬ್ಬಳನ್ನಾದರೂ ನಿಲ್ಲಿಸಿ, ಯಾರಿಗೆ ಒಯ್ಯುತ್ತೀ ತಾಯಿ ಎಂದು ಕೇಳಲಿಲ್ಲ. ಪರಸ್ತ್ರೀಯರನ್ನು ಬೀದಿಯಲ್ಲಿ ಮಾತಾಡಿಸುವುದು ಅವರ ಮರ್ಯಾದೆಗೆ ಒಪ್ಪುವ ಕೆಲಸವಲ್ಲ. ತಮ್ಮನ ಹೆಂಡತಿಯನ್ನೇ ಮಾತಾಡಿಸದವರು ಖಣಿಯವಳನ್ನು ಮಾತಾಡಿಸುತ್ತಾರೆಯೇ?

ಅವರು ಊರಿನ ಕಮಿಟಿಯ ಮೆಂಬರರೂ ಆಗಿದ್ದರು. ಅರ್ಜಿ ಹಾಕಿದರು, ತಹಸೀಲದಾರರ ಮುಂದೆ ವಾದಿಸಿದರು, ಆಬಕಾರಿಯವರ ಕಣ್ಣು ಕೆಂಪಾಗಿಸಿದರು. ದುಕಾನಿನ ಗುತ್ತೇದಾರ ಹಬ್ಬಕ್ಕೆ ಬುಟ್ಟಿ ಹಣ್ಣು ಕಳಿಸಿದರೆ ಅದನ್ನು ಅವನ ಆಳಿನ ತಲೆಯ ಮೇಲೆಯೇ ತಿರುಗಿ ಕಳಿಸಿದರು. ಕೊನೆಗೂ ದುಕಾನು ಮುಚ್ಚಿತು. ಊರಿನವರು ಭಾವನವರಿಗೆ ಹಾರ ಹಾಕಿ, ಹಲಗೆ ಬಾರಿಸುತ್ತ ಮನೆ ತನಕ ಕರೆದುಕೊಂಡು ಬಂದರು. ಪೇಢಾ ಹಂಚಿದರು. ನಮ್ಮ ಅತ್ತೆಯವರು ಪೇಢಾ ತೆಗೆದುಕೊಂಡು ದೇವರ ಮುಂದಿಟ್ಟು ನಮಸ್ಕಾರ ಮಾಡಿದರು. ಆಮೇಲೆ ಒಳಗೆ ಬಂದು, ನಡುಮನೆಯ ಗೋಡೆಯ ಮಾಡದಲ್ಲಿದ್ದ ಬೆಳ್ಳಿಯ ಭರಣಿ ತೆಗೆದು, ತಳ ಎಷ್ಟು ಕಾಣುತ್ತದೆ ಎಂದು ನೋಡಿದರು. ನನ್ನ ಮುಖವನ್ನೂ ನೋಡಿದರು. ಆಗ ನನ್ನ ಮಗಳು ತೊಟ್ಟಿಲಲ್ಲಿದ್ದಳು.

ಆ ಭರಣಿಯಲ್ಲಿ ಏನಿತ್ತೆಂದರೆ ಕೂಸಿನ ಗುಳಿಗೆ. ಜಾಯಿಕಾಯಿ, ಬಜೆ, ಕೇಸರಿ, ಅದರ ಜೋಡಿ ಒಂದಿಷ್ಟು ಅಫೀಮು. ತಾಯಿಯ ಹಾಲಿನಲ್ಲಿ ತೇಯ್ದು ನಾಲಿಗೆಗೆ ಸವರಿದರೆ ಕೂಸು ಮಲಗುತ್ತದೆ, ತಾಯಿ ಕೆಲಸ ಮಾಡಿಕೊಳ್ಳುತ್ತಾಳೆ. ಆ ಮನೆಯಲ್ಲಿ ಎಲ್ಲ ಮಕ್ಕಳೂ ಅದರ ಮೇಲೆಯೇ ಬೆಳೆದವು. ಅದು ಅಫೀಮೆಂದು ನಮಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಬಾಣಂತಿ ಕೋಣೆಯ ಮಾತು ಪಡಸಾಲೆಗೆ ಬರುವುದಿಲ್ಲ. ಗಂಡಸರು ಬಯ್ಯುವುದು ದುಕಾನಿನ ಅಫೀಮಿಗೆ, ನಮ್ಮದು ಮನೆಯ ಔಷಧ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆವು. ಮನೆ ತುಂಬ ಮಕ್ಕಳಿದ್ದ ಭಾವನವರಿಗೆ ಆ ಭರಣಿ ಯಾವ ಮಾಡದಲ್ಲಿದೆ ಎಂಬುದೂ ಗೊತ್ತಿರಲಿಲ್ಲ.

ಇದಾದ ಮೇಲೆ ಚುನಾವಣೆ ಬಂತು. ನಿಜಾಮರ ಆಳಿಕೆಯ ಕೊನೆಯ ವರ್ಷಗಳು ಅವು. ಹೈದರಾಬಾದಿನಲ್ಲಿ ಹೊಸ ಕಾನೂನು ಸಭೆ ಕೂಡುತ್ತದೆ, ಅದಕ್ಕೆ ನಮ್ಮ ಕಡೆಯಿಂದಲೂ ಒಬ್ಬರು ಹೋಗಬೇಕು. ಈ ಚುನಾವಣೆಯೇ ಮೋಸ, ಇದಕ್ಕೆ ಯಾರೂ ನಿಲ್ಲಬಾರದು ಎಂದು ಭಾವನವರ ಗೆಳೆಯರೇ ಎಷ್ಟೋ ಮಂದಿ ಹೇಳಿದರು. ಆದರೆ ಅವರು, ನಾನು ಬೇರೆ ಯಾವುದಕ್ಕೂ ಹೋಗುತ್ತಿಲ್ಲ, ಒಂದು ಊರಿನ ದುಕಾನು ಮುಚ್ಚಿಸಿದ ಹಾಗೆ ರಾಜ್ಯದ ಎಲ್ಲ ಅಫೀಮಿನ ದುಕಾನು ಮುಚ್ಚಿಸುವುದಕ್ಕೆ ಹೋಗುತ್ತೇನೆ ಎಂದು ನಿಂತೇಬಿಟ್ಟರು. ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಚಕ್ಕಡಿ ಕಟ್ಟಿಕೊಂಡು ತಿರುಗಿದರು. ಕುರಕುಂಟಾದಲ್ಲಿ ಮಾತಾಡಿ ಗಂಟಲು ಕಟ್ಟಿಕೊಂಡು ಬಂದಾಗ ವೈನಿ ಮೆಣಸಿನ ಕಷಾಯ ಮಾಡಿಕೊಟ್ಟರು. ಎಲ್ಲ ಕಡೆಗೂ ಒಂದೇ ಭಾಷಣ, ಕೊನೆಗೆ ಒಂದೇ ಮಾತು. ಹೆಂಡತಿಯನ್ನು ಅಫೀಮಿನ ದುಕಾನಿಗೆ ಕಳಿಸುವ ಗಂಡಸು ಗಂಡಸೇ ಅಲ್ಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಆಗ ಮತ ಹಾಕುವ ಹಕ್ಕು ಎಲ್ಲರಿಗೂ ಇರಲಿಲ್ಲ. ಜಮೀನಿದ್ದವರು, ವ್ಯಾಪಾರಿಗಳು, ವಕೀಲರು, ಅಂಥವರಿಗೆ ಮಾತ್ರ. ಖಣಿಯ ಮಂದಿಗೆ ಎಲ್ಲಿಯ ಮತ? ಆದರೂ ಶಹಾಬಾದಿನ ಖಣಿಯ ದಂಡೆಗೆ ಒಂದು ದೊಡ್ಡ ಸಭೆ ಇಟ್ಟರು. ಮತ ಇಲ್ಲದವರನ್ನು ಕೂಡಿಸಿ ಮತ ಇದ್ದವರಿಗೆ ತೋರಿಸುವುದು. ನೋಡ್ರಿ, ಈ ಮಂದಿಯನ್ನು ಉದ್ಧಾರ ಮಾಡಿದವರು ನಮ್ಮ ವಕೀಲ ಸಾಹೇಬರು ಎಂದು. ವೈನಿ ಮತ್ತು ನಾನು ಒಂದು ಬದಿಗೆ, ಮುಚ್ಚಿಗೆಯ ಕೊಲ್ಹಾರಿ ಬಂಡಿಯ ಪರದೆಯ ಸಂದಿಯಿಂದ ನೋಡುತ್ತಿದ್ದೆವು.

ಭಾವನವರು ಆ ಕೊನೆಯ ಮಾತಿಗೆ ಬಂದಾಗ, ಹಿಂದೆ ಕೂತ ಹೆಂಗಸರಲ್ಲಿ ಒಬ್ಬಳು ಎದ್ದು ನಿಂತಳು. ಕಂಕುಳಲ್ಲಿ ಕೂಸು. ಅವಳ ಹೆಸರು ಸಾಬಮ್ಮ, ಕೊಡ್ಲಿ ಎಂಬ ಊರಿನ ಕಡೆಯಿಂದ ಖಣಿಗೆ ದುಡಿಯಲು ಬಂದವಳು, ಗಂಡ ಸತ್ತವಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವಳು ಜಗಳದವಳ ಹಾಗೆ ನಿಂತಿರಲಿಲ್ಲ, ಆದರೆ ಅಂಜಿಯೂ ನಿಂತಿರಲಿಲ್ಲ.

"ಅಪ್ಪಾರ, ನಂದೊಂದು ಮಾತದರಿ. ದುಕಾನ ಮುಚ್ಚಿಸಿದ್ರಿ. ತಿನ್ನೋ ಗಂಡಸ್ರು ಎಲ್ಲಿಂದರ ತಂದು ತಿಂತಾರ. ನನ್ನ ಕೂಸಿಗಿ ನಾ ಎಲ್ಲಿಂದ ತರ್ಲಿ? ಅದು ಮಕ್ಕೊಂಡ್ರ ನಾ ಕಲ್ಲು ಹೊರ್ತೀನಿ. ಅಳಾಕತ್ತಿದ್ರ ಯಾರು ಎತ್ತಿಕೋತಾರ್ರಿ?"

ಭಾವನವರಿಗೆ ಮಾತು ತಿಳಿಯಲೇ ಇಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಿಳಿಯದಿದ್ದಾಗ ಕೋರ್ಟಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು, ಸಾಕ್ಷಿದಾರಳ ಮೇಲೆ ಹೊರಳಿದರು. "ಕೇಳಿದಿರೇನ್ರಿ? ಈಗ ಕೂಸಿನ ಹೆಸರು ಹೇಳ್ಲಿಕತ್ತಾಳ. ಹೆತ್ತ ತಾಯಿ ಯಾರರ ತನ್ನ ಕೂಸಿಗೆ ಅಫೀಮು ತಿನಸ್ತಾಳೇನು? ಸಬೂತ್ ಏನದ?"

"ಇದೇ ರೀ ಸಬೂತ್" ಎಂದು ಸಾಬಮ್ಮ ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದಳು. ಅದು ಕೈಕಾಲು ಬಡಿಯುತ್ತ ಒಂದೇ ಸಮನೆ ಅಳುತ್ತಿತ್ತು. ಮುಂದೆ ಕೂತ ಸಾಹುಕಾರರೆಲ್ಲ ನಕ್ಕರು. ಭಾವನವರು ಆ ನಗುವಿನ ಬಲದ ಮೇಲೆ, ಇವಳನ್ನು ಗುತ್ತೇದಾರ ಕಳಿಸಿದ್ದಾನೆ, ಅವನ ಉಪ್ಪು ತಿಂದವಳು, ಇಂಥವಳನ್ನು ತಾಯಿ ಎಂದರೆ ತಾಯಿ ಎನ್ನುವ ಮಾತಿಗೇ ಹೊಲಸು ಎಂದುಬಿಟ್ಟರು. ಯಾರೋ ಅವಳ ಸೆರಗು ಹಿಡಿದು ಕೆಳಗೆ ಕೂಡಿಸಿದರು. ವೈನಿ ಬಂಡಿಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮನೆಗೆ ಬಂದು ಊಟ ಮುಗಿಸಿ, ಅಡಿಕೆ ಹಾಕಿಕೊಳ್ಳುತ್ತ ಭಾವನವರು ಅತ್ತೆಯವರಿಗೆ ಇದನ್ನೆಲ್ಲ ವರ್ಣಿಸಿದರು. ಗುತ್ತೇದಾರನ ಹಂಚಿಕೆ ಹೇಗಿತ್ತು, ತಾವು ಹೇಗೆ ಮುರಿದರು ಎಂದು. ಒಳಗೆ ತೊಟ್ಟಿಲಲ್ಲಿ ನನ್ನ ಮಗಳು ಅಳುತ್ತಿದ್ದಳು. ಭರಣಿ ಬರಿದಾಗುತ್ತ ಬಂದಿತ್ತೆಂದು ಅತ್ತೆಯವರು ಗುಳಿಗೆಯನ್ನು ದಿನ ಬಿಟ್ಟು ದಿನ ಕೊಡುತ್ತಿದ್ದರು, ಅದು ತಪ್ಪಿದ್ದಕ್ಕೇ ಕೂಸಿಗೆ ಹೊಟ್ಟೆ ಕೆಟ್ಟಿತ್ತು, ಬೆವರುತ್ತಿತ್ತು. ಖಣಿಯ ಆ ಕೂಸೂ ಹೀಗೆಯೇ ಕೈಕಾಲು ಬಡಿದು ಅತ್ತಿತ್ತು. ನನಗೆ ಏನಾಯಿತೋ. ಕದದ ಹಿಂದಿನಿಂದ ನನ್ನ ದನಿ ಹೊರಗೆ ಬಂತು.

"ಆಕಿ ಖರೇನೇ ಹೇಳ್ಯಾಳ. ನಮ್ಮ ಮನ್ಯಾಗೂ ಕೂಸಿಗೆ ಅದನ್ನೇ ಕೊಡ್ತೀವಿ."

ನನ್ನ ಗಂಡ ದಿಗ್ಗನೆ ಎದ್ದು ನಿಂತರು. ಭಾವನವರು ನನ್ನ ಕಡೆ ತಿರುಗಲಿಲ್ಲ. ಕಂಬವನ್ನೇ ನೋಡುತ್ತ, ಸಣ್ಣ ದನಿಯಲ್ಲಿ, ಸಬೂತ್ ಏನದ ಎಂದರು. ಅತ್ತೆಯವರು ಒಳಗೆ ಹೋದರು, ಭರಣಿ ತಂದು ಅವರ ಮುಂದಿಟ್ಟರು. ಅವರು ಮುಚ್ಚಳ ತೆಗೆದು ಮೂಸಿದರು. ಕೋರ್ಟಿನಲ್ಲಿ ಎಷ್ಟೋ ಸಲ ಮೂಸಿ, ಇದು ಅಫೀಮೇ ಎಂದು ವಾದಿಸಿದ ಮೂಗು ಅದು. ನಶ್ಯ ಏರಿಸಿ ಏರಿಸಿ ಜಡ್ಡುಗಟ್ಟಿದ್ದರೂ ಗುರುತು ಹಿಡಿಯಿತು.

"ನಿನಗೂ ಇದನ್ನೇ ತೇಯ್ದು ಹಾಕೀನಪ್ಪ. ನೀ ಭಾಳ ಅಳ್ತಿದ್ದಿ" ಎಂದರು ಅತ್ತೆಯವರು. "ದುಕಾನಿನ ಮುಂದ ನೀ ನೋಡಿದ ಹೆಂಗಸ್ರೊಳಗ ನಮ್ಮನಿ ಮುಸುರಿ ತಿಕ್ಕಾಕಿನೂ ಇದ್ಲು. ನಾನೇ ಕಳಿಸ್ತಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲವ್ವಾ?"

"ನೀ ಕೇಳಲಿಲ್ಲ."

ಭಾವನವರು ಭರಣಿಯ ಮುಚ್ಚಳ ಹಾಕಿದರು. ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು.

ಮುಂದಿನ ವಾರ ನನ್ನ ಗಂಡ ಸುದ್ದಿ ತಂದರು. ಸಾಬಮ್ಮನನ್ನು ಖಣಿಯಿಂದ ತೆಗೆದುಹಾಕಿದ್ದರು. ವಕೀಲ ಸಾಹೇಬರೇ ಎಲ್ಲರ ಮುಂದೆ ಗುತ್ತೇದಾರನ ಕಡೆಯವಳು ಎಂದಮೇಲೆ, ಕೂಲಿಯವರ ಮೇಲೆ ನಿಲ್ಲುವ ಮುಕದ್ದಮನಿಗೆ ಮತ್ತೇನು ಬೇಕು? ಕೇರಿಯ ಹೆಂಗಸರೂ ಕೂಸಿಗೆ ವಿಷ ಹಾಕುವವಳು ಎಂದು ಅವಳನ್ನು ಆಡಿಕೊಂಡರಂತೆ. ತಾವೂ ಅದನ್ನೇ ಹಾಕುತ್ತಿದ್ದವರು. ಅವಳು ವಾಡಿಗೆ ಹೋಗಿ, ಸ್ಟೇಷನ್ನಿನ ಹತ್ತಿರ ಇಂಜಿನ್ನಿನ ಬೂದಿಯಲ್ಲಿ ಕಲ್ಲಿದ್ದಲು ಆರಿಸಿ ಮಾರುತ್ತಿದ್ದಾಳೆ ಎಂದು ತಿಳಿಯಿತು. ಭಾವನವರು ಖಣಿಯ ಮಾಲಿಕನಿಗೆ ಹೇಳಿ ಕೆಲಸ ತಿರುಗಿ ಕೊಡಿಸಿದರು. ಅವಳು ಬರಲಿಲ್ಲ.

ಆಗ ಅವರು ಕಂಬದ ಮುಂದೆ ಬಂದು ನಿಂತು ಕೆಮ್ಮಿದರು. "ಕಂಬಪ್ಪಾ, ವಾಡಿಗೆ ಹೋಗೂದದ. ಹೆಂಗಸ್ರ ಜೋಡಿ ಮಾತಾಡ್ಲಿಕ್ಕ ನನಗ ಬರೂದಿಲ್ಲ. ಒಳಗಿನವರು ಬರ್ತಾರೇನು, ಕೇಳು." ನಾನು ಬಳೆ ಸಪ್ಪಳ ಮಾಡಿದೆ.

ಶಹಾಬಾದಿನಿಂದ ವಾಡಿ ಎಷ್ಟು ದೂರ? ರೈಲಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬರುತ್ತದೆ. ನನ್ನ ಗಂಡ ನಡುವೆ, ಆ ಕಡೆ ಕಿಟಕಿಗೆ ಭಾವನವರು, ಈ ಕಡೆ ನಾನು. ಭಾವನವರು ನಶ್ಯದ ಡಬ್ಬಿ ತೆಗೆಯುವುದು, ಹಾಗೇ ಇಡುವುದು. ಬೂದಿಯ ಗುಡ್ಡೆಯ ಹತ್ತಿರ ಸಾಬಮ್ಮ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಿದ್ದಳು. ಕೂಸು ಬಡವಾಗಿತ್ತು, ಆದರೆ ಎಚ್ಚರವಿತ್ತು, ಅಳುತ್ತಿರಲಿಲ್ಲ. ಭಾವನವರು ಒಂದಿಷ್ಟು ದೂರದಲ್ಲಿ, ಗೂಡ್ಸ್ ರೈಲಿನ ಡಬ್ಬಿಯ ಕಡೆ ಮುಖ ಮಾಡಿ ನಿಂತು, ಡಬ್ಬಿಗೆ ಹೇಳಿದರು. ತಪ್ಪು ನಂದು, ಹಾಗೆ ಅನ್ನಬಾರದಿತ್ತು, ಆಕಿಗೆ ಹೇಳ್ರಿ ಎಂದು. ನಾನು ಹೇಳಿದೆ. ಹೇಳುವುದೇನು, ಅವಳ ಕಿವಿಗೂ ಬಿದ್ದಿತ್ತು.

ಸಾಬಮ್ಮ ಕೈಯ ಬೂದಿ ಒರೆಸಿಕೊಂಡಳು. ನನಗೆ ಉತ್ತರ ಕೊಡಲಿಲ್ಲ, ನೆಟ್ಟಗೆ ಅವರಿಗೇ ಹೇಳಿದಳು.

"ಬೈಯುಮುಂದ ಮಂದಿ ಮುಂದ ಬೈದ್ರಿ. ತಪ್ಪಾತು ಅನ್ನಲಿಕ್ಕ ಮೂಲಿಗಿ ಬಂದೀರಿ. ಇಲ್ಲಿ ಅಂದದ್ದು ನಾ ಯಾರಿಗಿ ತೋರಿಸ್ಲಿರಿ? ಅಲ್ಲೇ ಹೇಳ್ರಿ, ಎಲ್ಲಾರ ಮುಂದ. ಆಗ ಖಣಿಗಿ ಬರ್ತೀನಿ."

ಭಾವನವರು ಡಬ್ಬಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದರು. "ಹೇಳ್ತೀನವ್ವ" ಎಂದರು. ಪರಹೆಂಗಸಿನ ಮುಖ ನೋಡಿ ಅವರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಿರುಗಿ ಬರುವಾಗ ರೈಲಿನಲ್ಲಿ ಹಗುರಾಗಿದ್ದರು. ನನಗೂ ಹಗುರವಾಗಿತ್ತು. ಇಂಥ ಮನುಷ್ಯ ನಮ್ಮ ಮನೆಯ ಹಿರಿಯರೆಂದು ಆ ದಿನ ನಾನು ಹೆಮ್ಮೆಪಟ್ಟೆ, ಸುಳ್ಳೇಕೆ ಹೇಳಲಿ.

ಮತ ಬೀಳುವ ಮುಂಚಿನ ಕೊನೆಯ ಸಭೆ ಅದೇ ಖಣಿಯ ದಂಡೆಯಲ್ಲಿತ್ತು. ಹೊರಡುವಾಗ ಅತ್ತೆಯವರು, ನನ್ನ ಭರಣಿಯ ಮಾತು ಬಜಾರಿಗೆ ತರಬೇಡ ಎಂದರು. ತರುವುದಿಲ್ಲ, ಆ ಹೆಣ್ಣುಮಗಳ ಮಾತು ಖರೆ ಎಂದಷ್ಟೇ ಹೇಳುತ್ತೇನೆ ಎಂದರು ಭಾವನವರು. ನನ್ನ ಗಂಡ ದಾರಿಯುದ್ದಕ್ಕೂ ಬೇಡವೆಂದರು. ಈಗ ಹೇಳಿದರೆ ದುಕಾನು ಮುಚ್ಚಿಸಿದ್ದೇ ತಪ್ಪಾಯಿತು ಎಂದು ಎದುರಿನವನು ಡಂಗುರ ಹೊಡೆಯುತ್ತಾನೆ, ಕೈಗೆ ಬಂದದ್ದು ಹೋಗುತ್ತದೆ ಎಂದರು. ಭಾವನವರು ಕೇಳಲಿಲ್ಲ. ಬಂಡಿಯ ಪರದೆಯ ಸಂದಿಯಿಂದ ನೋಡಿದೆ. ಸಾಬಮ್ಮ ವಾಡಿಯಿಂದ ಬಂದಿದ್ದಳು. ಎಲ್ಲರ ಹಿಂದೆ ಕೂಸನ್ನೆತ್ತಿಕೊಂಡು ನಿಂತಿದ್ದಳು. ಸೀರೆ ಒಗೆದು ಉಟ್ಟಿದ್ದಳು.

ಭಾವನವರು ಸುರು ಮಾಡಿದ್ದೇ ಅದರಿಂದ. "ಹೋದ ಸಭಾದಾಗ ಒಬ್ಬಾಕಿ ಹೆಣ್ಣುಮಗಳು ಇಲ್ಲಿ ಎದ್ದು ನಿಂತಿದ್ಲು" ಎಂದರು. ಅಷ್ಟಕ್ಕೇ ಮಂದಿಗೆ ನೆನಪಾಯಿತು. ಮುಂದೆ ಕೂತವರು ನಕ್ಕರು. ಒಬ್ಬ ಎರಡು ಕೈ ಮೇಲೆತ್ತಿ ಕೂಸು ತೋರಿಸಿದ ಹಾಗೆ ಮಾಡಿದ. ಇನ್ನಷ್ಟು ನಗು. ಭಾವನವರು ನಗು ನಿಲ್ಲಲೆಂದು ಕಾಯ್ದರು. ನಿಲ್ಲಲಿಲ್ಲ. ಜಮೀನಿದ್ದವರು, ವ್ಯಾಪಾರಿಗಳು, ಎಲ್ಲರೂ ಅವರ ಮುಖವನ್ನೇ ನೋಡುತ್ತ, ವಕೀಲ ಸಾಹೇಬರು ಇವಳಿಗೆ ಇನ್ನೇನು ಅನ್ನುತ್ತಾರೆ ಎಂದು ಸಂತೋಷದಿಂದ ಕಾಯುತ್ತಿದ್ದರು. ಭಾವನವರ ತುಟಿ ಒಂದು ಸಲ ಅಲುಗಿತು. ಆಮೇಲೆ ಅವರೂ ನಕ್ಕರು.

ದೊಡ್ಡ ನಗುವಲ್ಲ. ಮಂದಿ ನಗುವಾಗ ನಾವು ಮುಖಕ್ಕೆ ಹಾಕಿಕೊಳ್ಳುತ್ತೇವಲ್ಲ, ಅಷ್ಟೇ. ನಕ್ಕು, ಇರಲಿ ಬಿಡ್ರಿ ಎಂದು ರಸ್ತೆಯ ಮಾತಿಗೆ ಹೋದರು. ನಾನು ಹಿಂದೆ ನೋಡಿದಾಗ ಸಾಬಮ್ಮ ಅಲ್ಲಿರಲಿಲ್ಲ.

ಗೆದ್ದರು. ಹೈದರಾಬಾದಿಗೆ ಹೋದರು. ಅಫೀಮಿನ ಸಲುವಾಗಿ ಎಂದು ಹೋದವರು ಆ ಸಭೆಯಲ್ಲಿ ಅಫೀಮಿನ ಬಗ್ಗೆ ಒಂದು ದಿನವೂ ಬಾಯಿ ತೆರೆಯಲಿಲ್ಲ. ಗುತ್ತೇದಾರರು ಬಾಯಿ ಕಟ್ಟಿಸಿದ್ದಾರೆ ಎಂದು ಊರು ಮಾತಾಡಿತು. ಸುಳ್ಳು, ಹಣ್ಣಿನ ಬುಟ್ಟಿ ತಿರುಗಿಸಿದವರು ಅವರು. ನನ್ನ ಗಂಡ ಕೇಳಿದ್ದಕ್ಕೆ, ಆ ಶಬ್ದ ಬಾಯಿಗೆ ಬಂದರೆ ಆಕಿ ಮುಖ ಕಾಣತದ ಎಂದರಂತೆ. ಜನ ಲಂಚದ ಮಾತಾಡಿದರೂ ತಡೆಯಲಿಲ್ಲ. ಆಡಲಿ ಎನ್ನುವ ಹಾಗೆ ಕೇಳಿಸಿಕೊಂಡು ಕೂಡುತ್ತಿದ್ದರು. ಶಹಾಬಾದಿನಲ್ಲಿ ದುಕಾನು ಮತ್ತೆ ತೆರೆಯಿತು. ಗಲಾಟೆಯ ದಿನಗಳು ಬಂದವು, ನಿಜಾಮರ ರಾಜ್ಯ ಹೋಯಿತು, ಆ ಸಭೆಯೂ ಅದರ ಜೋಡಿ ಹೋಯಿತು.

ಮನೆಯಲ್ಲಿ ಮಾತ್ರ ಒಂದು ಬದಲಾಯಿತು. ಕೂಸು ಅತ್ತರೆ ಭಾವನವರು ಕೆಮ್ಮದೆ ಒಳಗೆ ಬಂದು ಎತ್ತಿಕೊಳ್ಳುತ್ತಿದ್ದರು. ಕಕ್ಷಿದಾರರು ಕೂತಿದ್ದರೂ ಸರಿ, ಕೂಸನ್ನು ಹೆಗಲಿಗೆ ಹಾಕಿಕೊಂಡು, ಪಡಸಾಲೆಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತ ಕೇಸು ಕೇಳುತ್ತಿದ್ದರು. ಊರಿನವರು ವಕೀಲರಿಗೆ ಏನೋ ಆಗಿದೆ ಎಂದು ನಗುತ್ತಿದ್ದರು. ನನ್ನ ಕೊನೆಯ ಮಗನನ್ನು ಬೆಳೆಸಿದ್ದು ಆ ಹೆಗಲು. ಭರಣಿಯನ್ನು ಅತ್ತೆಯವರೇ ತೊಳೆದು ಅದರಲ್ಲಿ ಕುಂಕುಮ ಹಾಕಿಟ್ಟರು. ಸಬೂತ್ ಎನ್ನುವ ಮಾತನ್ನು ಭಾವನವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ನಶ್ಯವನ್ನೇನೂ ಬಿಡಲಿಲ್ಲ.

ಸಾಬಮ್ಮ ಖಣಿಗೆ ತಿರುಗಿ ಬರಲಿಲ್ಲ. ಭಾವನವರು ವಾಡಿಗೆ ಮತ್ತೆ ಹೋಗಿದ್ದರಂತೆ, ಅವಳು ಅಲ್ಲಿಂದಲೂ ಹೋಗಿದ್ದಳು. ಕೂಸು ದೊಡ್ಡದಾಯಿತೋ ಇಲ್ಲವೋ ನಮಗೆ ಯಾರಿಗೂ ತಿಳಿಯಲಿಲ್ಲ.

ಭಾವನವರು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನಾನು ಗಂಜಿ ಇಟ್ಟು ಕದದ ಕಡೆ ಸರಿಯುತ್ತಿದ್ದೆ. ಕುಂದ್ರಿ ಎಂದರು. ಹಾಸಿಗೆಯ ಹತ್ತಿರ ಕಂಬವಿರಲಿಲ್ಲ, ನನ್ನ ಮುಖ ನೋಡಿಯೇ ಹೇಳಿದರು. "ನನ್ನ ಕೈಲಿಂದ ಆಗಲಿಲ್ಲ. ಮಂದಿ ನಗುಮುಂದ ನಾನೂ ನಕ್ಕೆ. ನೀವು ನೋಡೀರಿ. ಆಕಿ ಖರೇ ಹೇಳಿದ್ಲು ಅಂತ ಎಂದಾದ್ರೂ ನೀವು ಹೇಳ್ರಿ. ಎಲ್ಲಾರ ಮುಂದ. ನನ್ನ ಹೆಸರು ಹಿಡಿದು ಹೇಳ್ರಿ." ನಾನು ಹೂಂ ಎಂದೆ. ಬಳೆ ಸಪ್ಪಳ ಮಾಡಲಿಲ್ಲ, ಬಾಯಿ ಬಿಟ್ಟು ಹೂಂ ಎಂದೆ.

ಅದಾಗಿ ಎಷ್ಟೋ ವರ್ಷವಾಯಿತು. ಆ ಹುಡುಗರ ಸಭೆ ಮುಂದಿನ ವಾರ ಇದೆ. ಫೋಟೋ ಕೊಟ್ಟು, ನಾನೂ ಹೋಗಿ, ಮಂದಿಯ ಮುಂದೆ ನಿಂತು ಹೇಳಬಹುದು. ಆದರೆ ಭಾವನವರ ಮಗ ವಕೀಲನಾಗಿದ್ದಾನೆ, ಮೊಮ್ಮಗಳ ಮದುವೆಯ ಮಾತು ನಡೆದಿದೆ, ಮನೆತನದ ಹೆಸರು ಎಂಬುದೊಂದಿದೆ. ಹೀಗೆ ನೂರು ನೆವ ಸಿಗುತ್ತವೆ. ಅದಕ್ಕೇ ಬಾಗಿಲು ಹಾಕಿಕೊಂಡು ಇದನ್ನು ಬರೆದೆ. ಕೊಡ್ಲಿಯ ಕಡೆಯ ಸಾಬಮ್ಮ ಖರೇ ಹೇಳಿದ್ದಳು. ಅವಳ ಹೆಸರು ಬರೆಯುವಾಗ ಕೈ ತಡೆಯಲಿಲ್ಲ. ಭಾವನವರ ಹೆಸರು ಬರೆಯಬೇಕೆಂದು ಎಷ್ಟು ಸಲ ಪೆನ್ನು ಊರಿದೆನೋ, ಈ ಕೊನೆಯ ಸಾಲಿಗೆ ಬಂದರೂ ಬರೆದಿಲ್ಲ.